ಪ್ರಳಯದಲ್ಲಿ ಉಳಿದವರು: ‘ದ್ವೀಪ’ ಕಾದಂಬರಿ ಮತ್ತು ಚಲನಚಿತ್ರ

— ಓರ್ವ ವಿದ್ಯಾರ್ಥಿನಿ, ಅಂತಿಮ ಬಿ.ಎ.

ಪ್ರಳಯವೆಂಬ ಮಾತು ನಮ್ಮವರಿಗೆ ಹೊಸದಲ್ಲ. ಮನುವಿನ ದೋಣಿಯನ್ನು ಮತ್ಸ್ಯವು ಎಳೆದೊಯ್ದ ಕಥೆಯನ್ನು ಕೇಳಿ, ಜಲರಾಶಿಯ ನಡುವೆ ಆಲದೆಲೆಯ ಮೇಲೆ ಮಲಗಿದ ಶಿಶುವಿನ ಚಿತ್ರವನ್ನು ನೋಡಿ ಬೆಳೆದವರು ನಾವು. ನಮ್ಮ ಚಾಮರಾಜನಗರದ ಸೀಮೆಯಲ್ಲಂತೂ ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರು ಇದ್ದಾರೆ. ಕಾಲಜ್ಞಾನವೆಂಬ ಮಾತು ಇಲ್ಲಿನ ಹಳ್ಳಿಯ ಮಗುವಿಗೂ ಪರಿಚಿತವಾದುದು. ಆದರೆ ಪುರಾಣದ ಪ್ರಳಯಕ್ಕೂ ಆಧುನಿಕ ಕಾದಂಬರಿಯ ಪ್ರಳಯಕ್ಕೂ ಒಂದು ವ್ಯತ್ಯಾಸವುಂಟು. ಪುರಾಣದಲ್ಲಿ ಲೋಕವೆಲ್ಲ ಮುಳುಗಿದ ಮೇಲೆ ಹೊಸ ಸೃಷ್ಟಿ ಮೊದಲಾಗುತ್ತದೆ. ದೋಣಿಯಲ್ಲಿದ್ದವರು ಆ ದಿನಗಳಲ್ಲಿ ಏನನ್ನು ಉಂಡರು, ಸೌದೆಯನ್ನು ಎಲ್ಲಿಂದ ತಂದರು, ಒಬ್ಬರನ್ನೊಬ್ಬರು ನಂಬಿದರೇ ಇಲ್ಲವೇ ಎಂಬುದನ್ನು ಯಾರೂ ಕೇಳುವುದಿಲ್ಲ. ಆಧುನಿಕ ಕಾದಂಬರಿಕಾರ ಕೇಳುವುದು ಇದನ್ನೇ. ಲೋಕ ಮುಗಿದ ಮರುದಿನ ಬೆಳಿಗ್ಗೆ ಒಲೆ ಹೊತ್ತಿಸುವವರು ಯಾರು ಎಂಬುದೇ ಆತನ ಪ್ರಶ್ನೆ.

ಇಂತಹ ಕೃತಿಗಳನ್ನು ನಾವು ‘ಪ್ರಳಯೋತ್ತರ ಕಾದಂಬರಿ’ ಎಂದು ಕರೆಯಬಹುದು. ಇಂಗ್ಲಿಷಿನಲ್ಲಿ ಇವಕ್ಕೆ ಇನ್ನೂರು ವರ್ಷಗಳ ಪರಂಪರೆಯಿದೆ. ಮೇರಿ ಶೆಲ್ಲಿ 1826ರಲ್ಲಿ ‘ದಿ ಲಾಸ್ಟ್ ಮ್ಯಾನ್’ ಎಂಬ ಕಾದಂಬರಿಯಲ್ಲಿ ಮಹಾಮಾರಿಯಿಂದ ಮನುಕುಲವೇ ಅಳಿದು ಒಬ್ಬನೇ ಮನುಷ್ಯ ಉಳಿಯುವುದನ್ನು ಕಲ್ಪಿಸಿದಳು. ಎರಡನೆಯ ಮಹಾಯುದ್ಧದ ನಂತರ, ಅಣುಬಾಂಬಿನ ಭಯ ಜನಮನವನ್ನು ಆವರಿಸಿದ ಮೇಲೆ, ಇಂತಹ ಕಾದಂಬರಿಗಳು ಹೆಚ್ಚಿದವು; ಅವುಗಳಲ್ಲಿ ಅನೇಕವು ಚಲನಚಿತ್ರಗಳೂ ಆದವು. ಕನ್ನಡದಲ್ಲಿ ಇದಕ್ಕೆ ಸಮನಾದುದು ಉಂಟೇ? ಉಂಟೆಂಬುದು ನನ್ನ ಅಭಿಪ್ರಾಯ. ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯನ್ನೂ, ಗಿರೀಶ ಕಾಸರವಳ್ಳಿಯವರು ಅದನ್ನು ಆಧರಿಸಿ ನಿರ್ದೇಶಿಸಿದ ಅದೇ ಹೆಸರಿನ ಚಿತ್ರವನ್ನೂ ಈ ದೃಷ್ಟಿಯಿಂದ ನೋಡಬೇಕೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಲಕ್ಷಣಗಳನ್ನು ಗೊತ್ತುಮಾಡಿಕೊಳ್ಳೋಣ. ಪ್ರಳಯೋತ್ತರ ಕಥೆಯಲ್ಲಿ ಮೂರು ಅಂಗಗಳಿರುತ್ತವೆ. ಒಂದನೆಯದು, ಕೇಡು ಬರುವ ಬಗೆ. ಎರಡನೆಯದು, ಉಳಿದ ಕೆಲವರ ದಿನಚರಿ ಮತ್ತು ಅವರ ನಡುವಣ ಸಂಬಂಧ. ಮೂರನೆಯದು, ಉಳಿವಿನ ಲೆಕ್ಕ. ಅಂದರೆ, ಬದುಕುಳಿದುದು ಯಾರಿಂದ, ಅದರ ಕೀರ್ತಿ ಯಾರ ಹೆಸರಿಗೆ ಎಂಬ ನಿರ್ಣಯ. ಮೊದಲಿನ ಎರಡು ಅಂಗಗಳನ್ನು ಎಲ್ಲರೂ ಗಮನಿಸುತ್ತಾರೆ. ಮೂರನೆಯದನ್ನು ಗಮನಿಸುವವರು ವಿರಳ. ಕಾದಂಬರಿಯು ತೆರೆಗೆ ಬರುವಾಗ ದೊಡ್ಡ ಬದಲಾವಣೆಯಾಗುವುದು ಮಾತ್ರ ಅನೇಕ ವೇಳೆ ಈ ಮೂರನೆಯ ಅಂಗದಲ್ಲಿಯೇ. ಎರಡು ಪ್ರಸಿದ್ಧ ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ.

ರಿಚರ್ಡ್ ಮ್ಯಾಥೆಸನ್ 1954ರಲ್ಲಿ ‘ಐ ಆಮ್ ಲೆಜೆಂಡ್’ ಎಂಬ ಕಾದಂಬರಿಯನ್ನು ಬರೆದ. ರೋಗವೊಂದು ಹಬ್ಬಿ ಜನರೆಲ್ಲ ರಕ್ತಪಿಪಾಸುಗಳಾಗುತ್ತಾರೆ. ನೆವಿಲ್ ಎಂಬೊಬ್ಬನೇ ರೋಗ ತಗಲದೆ ಉಳಿಯುತ್ತಾನೆ. ಹಗಲಿನಲ್ಲಿ ಅವರನ್ನು ಹುಡುಕಿ ಕೊಲ್ಲುತ್ತಾನೆ. ರಾತ್ರಿ ಮನೆಯೊಳಗೆ ಅಡಗುತ್ತಾನೆ. ಆದರೆ ರೋಗಿಗಳಲ್ಲಿ ಕೆಲವರು ತಮ್ಮದೇ ಆದ ಹೊಸ ಸಮಾಜವನ್ನು ಕಟ್ಟಿಕೊಂಡಿರುತ್ತಾರೆ. ಆ ಸಮಾಜದ ಕಣ್ಣಿಗೆ ಹಗಲಿನಲ್ಲಿ ಬಂದು ಕೊಲ್ಲುವ ನೆವಿಲನೇ ರಾಕ್ಷಸ. ಕೊನೆಗೆ ಅವನಿಗೆ ಇದು ಅರಿವಾಗುತ್ತದೆ. ಮುಂದಿನವರು ತಮ್ಮ ಮಕ್ಕಳಿಗೆ ಹೇಳುವ ಭಯದ ಕಥೆಯಲ್ಲಿ ತಾನೇ ಪಾತ್ರವಾಗುವೆನೆಂಬ ಅರ್ಥವೇ ಕಾದಂಬರಿಯ ಹೆಸರಿನಲ್ಲಿದೆ. ಈ ಕೃತಿಯಿಂದ ಮೂರು ಚಿತ್ರಗಳು ಹುಟ್ಟಿದವು: 1964ರಲ್ಲಿ ‘ದಿ ಲಾಸ್ಟ್ ಮ್ಯಾನ್ ಆನ್ ಅರ್ಥ್’, 1971ರಲ್ಲಿ ‘ದಿ ಒಮೆಗಾ ಮ್ಯಾನ್’, 2007ರಲ್ಲಿ ಮೂಲದ ಹೆಸರಿನಲ್ಲಿಯೇ ವಿಲ್ ಸ್ಮಿತ್ ನಟಿಸಿದ ಚಿತ್ರ. ಈ ಕೊನೆಯ ಚಿತ್ರವು ಚಿತ್ರಮಂದಿರಗಳಲ್ಲಿ ತೆರೆಕಂಡ ರೂಪದಲ್ಲಿ ನೆವಿಲ್ ರೋಗಕ್ಕೆ ಔಷಧವನ್ನು ಕಂಡುಹಿಡಿದು, ಅದನ್ನು ಉಳಿದವರ ಕೈಗಿತ್ತು, ಪ್ರಾಣಾರ್ಪಣೆ ಮಾಡುತ್ತಾನೆ. ಹೆಸರು ಅದೇ, ಅರ್ಥ ಮಾತ್ರ ತಲೆಕೆಳಗು. ಕಾದಂಬರಿಯಲ್ಲಿ ರಾಕ್ಷಸನಾದವನು ಚಿತ್ರದಲ್ಲಿ ಉದ್ಧಾರಕನಾದ.

ಎರಡನೆಯದು ನೆವಿಲ್ ಶೂಟ್ 1957ರಲ್ಲಿ ಪ್ರಕಟಿಸಿದ ‘ಆನ್ ದಿ ಬೀಚ್’. ಉತ್ತರಾರ್ಧ ಗೋಳದಲ್ಲಿ ಅಣುಯುದ್ಧ ನಡೆದು ಎಲ್ಲರೂ ಸತ್ತಿದ್ದಾರೆ. ವಿಷದ ಗಾಳಿ ದಿನದಿನಕ್ಕೆ ದಕ್ಷಿಣಕ್ಕೆ ಇಳಿಯುತ್ತಿದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಜನರು ಅದು ತಮ್ಮನ್ನು ಮುಟ್ಟುವ ತಿಂಗಳನ್ನು ಬಲ್ಲರು. ಆದರೂ ದಂಪತಿಗಳು ಬರುವ ವರ್ಷದ ಹೂದೋಟಕ್ಕೆ ಯೋಜನೆ ಹಾಕುತ್ತಾರೆ. ಸ್ಟ್ಯಾನ್ಲಿ ಕ್ರೇಮರ್ 1959ರಲ್ಲಿ ಇದನ್ನು ಚಿತ್ರವಾಗಿಸಿದ. 2000ದಲ್ಲಿ ದೂರದರ್ಶನಕ್ಕಾಗಿ ಮತ್ತೊಮ್ಮೆ ತಯಾರಾಯಿತು. ಮೂಲದಲ್ಲಿ ಅಮೆರಿಕದ ಜಲಾಂತರ್ಗಾಮಿಯ ಅಧಿಪತಿಯು ಸತ್ತುಹೋದ ತನ್ನ ಹೆಂಡತಿಗೆ ಕಡೆಯವರೆಗೂ ನಿಷ್ಠನಾಗಿರುತ್ತಾನೆ. 1959ರ ಚಿತ್ರವು ಅವನಿಗೆ ಹೊಸ ಪ್ರಣಯವನ್ನು ಕೊಟ್ಟಿತು. ಲೇಖಕನಿಗೆ ಇದು ಹಿಡಿಸಲಿಲ್ಲ. ಸಾವು ಖಚಿತವೆಂದಾಗಲೂ ಮನುಷ್ಯ ತನ್ನ ಶೀಲವನ್ನು ಉಳಿಸಿಕೊಳ್ಳಬಲ್ಲನೆಂಬುದೇ ಆತನ ಕಥೆಯ ತಿರುಳಾಗಿತ್ತು. ಇಲ್ಲಿಯೂ ಕೇಡು ಬದಲಾಗಲಿಲ್ಲ. ಕೇಡಿನ ನಡುವೆ ಉಳಿದ ವಸ್ತು ಯಾವುದೆಂಬ ಲೆಕ್ಕ ಬದಲಾಯಿತು.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮಲ್ಲಿ ಪ್ರಳಯವನ್ನು ಕಲ್ಪಿಸಬೇಕಾದ ಅಗತ್ಯವೇ ಇರಲಿಲ್ಲ. ಅದು ಹಲವು ಬಾರಿ ತಾನಾಗಿಯೇ ಬಂದಿದೆ. ಧಾತು ಸಂವತ್ಸರದ ಬರವೆಂದು ಹಿರಿಯರು ಕರೆಯುತ್ತಿದ್ದ 1876–78ರ ಮಹಾಕ್ಷಾಮವನ್ನೇ ನೋಡಿ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಅದಾದ ಇಪ್ಪತ್ತು ವರ್ಷಗಳಲ್ಲಿಯೇ, 1898ರಲ್ಲಿ, ಪ್ಲೇಗು ಬಂದಿತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ದಿನ ಕಳೆದರು. ಈ ಅನುಭವಗಳು ನಮ್ಮ ಸಾಹಿತ್ಯದಲ್ಲಿ ಇಳಿದಿವೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರ ಬರಿದಾಗುವುದು ಪ್ಲೇಗಿನಿಂದ, ಅದು 1970ರಲ್ಲಿ ಚಿತ್ರವಾಯಿತು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮನು ಪ್ಲೇಗಿಗೆ ಮಕ್ಕಳನ್ನು ಕಳೆದುಕೊಂಡೂ ಸಂಸಾರವನ್ನು ಹೊರುತ್ತಾಳೆ, ಅದನ್ನು ಕಾಸರವಳ್ಳಿಯವರು ದೂರದರ್ಶನ ಧಾರಾವಾಹಿಯಾಗಿ ತಂದರು. ಅನಂತಮೂರ್ತಿಯವರ ‘ಬರ’ ಕಥೆಯನ್ನು ಎಂ. ಎಸ್. ಸತ್ಯು ಅವರು ತೆರೆಗೆ ತಂದರು. ಇವೆಲ್ಲವೂ ಕೇಡುಗಾಲದ ಕಥೆಗಳೇ. ಆದರೆ ಎಲ್ಲರೂ ಹೊರಟುಹೋದ ಮೇಲೆ ಉಳಿದ ಮೂರು ನಾಲ್ಕು ಜನರ ಕಥೆ, ಅಂದರೆ ನಾನು ಹೇಳಿದ ಮೂರು ಅಂಗಗಳೂ ಪೂರ್ಣವಾಗಿರುವ ಕಥೆ, ‘ದ್ವೀಪ’ವೇ.

‘ದ್ವೀಪ’ದ ಹಿನ್ನೆಲೆ ಶರಾವತಿಯದು. ಹಿರೇಭಾಸ್ಕರದ ಅಣೆಕಟ್ಟು ಮೊದಲು ಕಟ್ಟಿದ್ದು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. ನಾಡಿಗೆ ವಿದ್ಯುತ್ತು ಇನ್ನೂ ಬೇಕಾಯಿತು. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಸಿದ್ಧವಾಯಿತು. ಇದರಲ್ಲಿ ಸುಮಾರು 151 ಟಿ.ಎಂ.ಸಿ. ನೀರು ನಿಲ್ಲುತ್ತದೆ. ನಮ್ಮ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಜಲಾಶಯವು ಸುಮಾರು 19 ಟಿ.ಎಂ.ಸಿ.ಯದು ಎಂದು ನೆನೆದರೆ ಅದರ ವಿಸ್ತಾರ ಮನಸ್ಸಿಗೆ ಬಂದೀತು. ಹೊಸ ನೀರಿನಲ್ಲಿ ಹಳೆಯ ಹಿರೇಭಾಸ್ಕರದ ಅಣೆಕಟ್ಟೇ ಮುಳುಗಿಹೋಯಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಮಾತ್ರ ಅದು ಕಾಣುತ್ತದೆ. ಅಣೆಕಟ್ಟೇ ಮುಳುಗಿದ ಮೇಲೆ ಊರುಗಳ ಪಾಡೇನು? ತೋಟ, ಗದ್ದೆ, ದೇವಸ್ಥಾನ, ದಾರಿ ಎಲ್ಲವೂ ನೀರಿನ ಕೆಳಗೆ ಸೇರಿದವು. ಜನರನ್ನು ಬೇರೆ ಕಡೆಗಳಿಗೆ ಸಾಗಿಸಲಾಯಿತು. ಅವರಲ್ಲಿ ಅನೇಕರ ಭೂಮಿಯ ಹಕ್ಕುಪತ್ರದ ಪ್ರಶ್ನೆ ಅರ್ಧ ಶತಮಾನ ಕಳೆದರೂ ಬಗೆಹರಿಯಲಿಲ್ಲ.

ಈ ಮುಳುಗಡೆಯನ್ನು ಕಣ್ಣಾರೆ ಕಂಡ ಲೇಖಕರು ನಾ. ಡಿಸೋಜ. 1937ರಲ್ಲಿ ಸಾಗರದಲ್ಲಿ ಜನಿಸಿದ ಅವರು ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಶರಾವತಿ ಯೋಜನೆಯ ಪ್ರದೇಶದಲ್ಲಿಯೇ ಇದ್ದವರು. ಅಂದರೆ, ಊರು ಖಾಲಿಮಾಡಬೇಕೆಂಬ ಕಾಗದ ಹುಟ್ಟುವ ಕಚೇರಿಯನ್ನೂ, ಆ ಕಾಗದ ತಲುಪುವ ಮನೆಯನ್ನೂ, ಎರಡನ್ನೂ ಬಲ್ಲವರು. ಮುಳುಗಡೆಯು ಅವರ ಬರವಣಿಗೆಗೆ ಮತ್ತೆ ಮತ್ತೆ ವಸ್ತುವಾಯಿತು; ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 2025ರ ಜನವರಿಯಲ್ಲಿ ನಿಧನ ಹೊಂದಿದರು.

ಕಾದಂಬರಿಯ ಕಥೆ ಸರಳವಾದುದು. ಶರಾವತಿಯ ದಡದ ಹೊಸಮನೆಹಳ್ಳಿ ಮುಳುಗಲಿದೆ. ಅನುಕೂಲವುಳ್ಳವರು ಪರಿಹಾರವನ್ನು ಪಡೆದು ಹೊರಡುತ್ತಾರೆ. ಗಣಪಯ್ಯನ ಸಂಸಾರ ಮಾತ್ರ ಸೀತಾಪರ್ವತದ ಬಳಿ ಉಳಿಯುತ್ತದೆ. ಮಳೆಗಾಲ ಬರುತ್ತದೆ, ನೀರೇರುತ್ತದೆ, ದಾರಿಗಳು ಒಂದೊಂದಾಗಿ ಮುಚ್ಚುತ್ತವೆ, ಬೆಟ್ಟ ದ್ವೀಪವಾಗುತ್ತದೆ. ಗಣಪಯ್ಯ, ಆತನ ಹೆಂಡತಿ ನಾಗವೇಣಿ, ಅವರಿಗೆ ನೆರವಾಗಲು ಬಂದ ಕೃಷ್ಣಯ್ಯ: ಮೂವರ ನಡುವೆ ನೀರಿನಂತೆಯೇ ಮೆಲ್ಲಮೆಲ್ಲನೆ ಸಂಶಯ ಏರುತ್ತದೆ. ಹೊರಗೆ ಒಂದು ದ್ವೀಪವಾದರೆ ಒಳಗೆ ಮೂರು ದ್ವೀಪಗಳಾಗುತ್ತವೆ. ಕಾದಂಬರಿಯ ಮುಕ್ತಾಯವನ್ನು ನಾನಿಲ್ಲಿ ಹೇಳುವುದಿಲ್ಲ. ಅದನ್ನು ಸ್ವತಃ ಓದುವ ಸುಖವನ್ನು ಸಹಪಾಠಿಗಳಿಂದ ಕಸಿದುಕೊಳ್ಳುವುದು ಸರಿಯಲ್ಲ. ಇಂಗ್ಲಿಷ್ ಓದುಗರಿಗೆ ಸುಶೀಲಾ ಪುನೀತ ಅವರ ಅನುವಾದವೂ ಉಂಟು.

ಒಂದು ಊರು ಮುಳುಗಿದರೆ ಅದನ್ನು ಪ್ರಳಯವೆನ್ನಬಹುದೇ, ಊರಿನಾಚೆಗೆ ಲೋಕವಿದ್ದೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದು ನ್ಯಾಯವಾದ ಆಕ್ಷೇಪವೇ. ಆದರೆ ಒಬ್ಬ ರೈತನ ಪಾಲಿಗೆ ಲೋಕವೆಂದರೇನು? ಅವನ ಹೊಲ, ಆ ಹೊಲಕ್ಕೆ ನೀರು ಬರುವ ಕಾಲುವೆ, ಹೆಣ್ಣು ಕೊಟ್ಟು ತರುವ ನಾಲ್ಕು ಊರುಗಳು, ಹರಕೆ ಕಟ್ಟುವ ಒಂದು ದೇವರು, ಕಷ್ಟಕ್ಕೆ ಕರೆದರೆ ಓಗೊಡುವ ಹತ್ತು ಮನೆಗಳು. ಇವು ಹೋದ ಮೇಲೆ ಭೂಗೋಳದ ಪುಟದಲ್ಲಿ ಉಳಿದ ದೇಶಗಳಿಂದ ಅವನಿಗೇನು? ಮೆಲ್ಬರ್ನಿನ ಜನರು ವಿಷದ ಗಾಳಿಗೆ ಕಾದಂತೆಯೇ ಹೊಸಮನೆಹಳ್ಳಿಯವರು ನೀರಿಗೆ ಕಾಯುತ್ತಾರೆ. ಅಲ್ಲಿಯೂ ಕೇಡಿನ ತಿಂಗಳು ಗೊತ್ತು, ಇಲ್ಲಿಯೂ ಗೊತ್ತು. ಒಂದು ವ್ಯತ್ಯಾಸವಿದೆ, ಅದೇ ನಮ್ಮ ಕೃತಿಯ ಹಿರಿಮೆಯೆಂದು ನನಗೆ ತೋರುತ್ತದೆ. ಆಂಗ್ಲ ಕಾದಂಬರಿಯಲ್ಲಿ ಎಲ್ಲರಿಗೂ ಒಂದೇ ಪ್ರಳಯ. ‘ದ್ವೀಪ’ದಲ್ಲಿ ಒಬ್ಬರ ಬೆಳಕಿಗಾಗಿ ಇನ್ನೊಬ್ಬರಿಗೆ ಪ್ರಳಯ. ಗುಂಡ್ಲುಪೇಟೆಯಲ್ಲಿ ನಾವು ಓದುವ ಕೋಣೆಯ ದೀಪದ ವಿದ್ಯುತ್ತಿನಲ್ಲಿ ಶರಾವತಿಯ ಪಾಲೂ ಸೇರಿರಬಹುದೆಂಬುದನ್ನು ಮರೆಯದೆ ಈ ಪುಸ್ತಕವನ್ನು ಓದಬೇಕು.

ಈಗ ಚಿತ್ರದ ವಿಚಾರ. ‘ದ್ವೀಪ’ ಚಿತ್ರವು 2002ರಲ್ಲಿ ಬಿಡುಗಡೆಯಾಯಿತು. ಆ ಕಾಲಕ್ಕೆ ದಕ್ಷಿಣ ಭಾರತದ ಜನಪ್ರಿಯ ತಾರೆಯಾಗಿದ್ದ ಸೌಂದರ್ಯ ಅವರೇ ಇದರ ನಿರ್ಮಾಪಕಿ, ನಾಯಕಿಯೂ ಅವರೇ. ಗಣಪನಾಗಿ ಅವಿನಾಶ್, ಅವನ ತಂದೆ ದುಗ್ಗಜ್ಜನಾಗಿ ಎಂ. ವಿ. ವಾಸುದೇವರಾವ್, ಕೃಷ್ಣನಾಗಿ ಹರೀಶ್ ರಾಜ್ ಅಭಿನಯಿಸಿದರು. ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಇದಕ್ಕೆ ದೊರೆಯಿತು. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’ ಚಿತ್ರಗಳ ನಂತರ ಕಾಸರವಳ್ಳಿಯವರಿಗೆ ಇದು ನಾಲ್ಕನೆಯದು. ಮಳೆಯನ್ನು ಪಾತ್ರವೆಂಬಂತೆ ಹಿಡಿದ ಎಚ್. ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂದಿತು. ಸೌಂದರ್ಯ ಅವರು 2004ರ ಏಪ್ರಿಲಿನಲ್ಲಿ ಬೆಂಗಳೂರಿನ ಬಳಿ ವಿಮಾನ ಅಪಘಾತದಲ್ಲಿ ಅಕಾಲ ಮರಣಕ್ಕೆ ತುತ್ತಾದರು.

ಚಿತ್ರದಲ್ಲಿ ನಾಗವೇಣಿಯು ನಾಗಿಯಾಗುತ್ತಾಳೆ. ಸೀತಾಪರ್ವತವು ವನವಾಸದ ಕಾಲದಲ್ಲಿ ಸೀತಾರಾಮರು ತಂಗಿದ್ದರೆಂಬ ನಂಬಿಕೆಯುಳ್ಳ ತಾಣ. ಅಲ್ಲಿನ ದೈವದ ಸೇವೆ ದುಗ್ಗಜ್ಜನ ಮನೆತನದ ವೃತ್ತಿ. ಊರು ಬರಿದಾದರೂ ಬೆಟ್ಟವನ್ನು ಬಿಟ್ಟು ಬರಲೊಲ್ಲದ ಮುದುಕ ಆ ನೀರಿಗೇ ಸಲ್ಲುತ್ತಾನೆ. ನಾಗಿಯ ಬಾಲ್ಯದ ಪರಿಚಯದ ಕೃಷ್ಣ ಬರುತ್ತಾನೆ. ಅವನ ಹುರುಪಿನಿಂದ ಬರಿದಾದ ಮನೆಯಲ್ಲಿ ಮತ್ತೆ ನಗೆ ಕೇಳಿಸುತ್ತದೆ. ಆ ನಗೆಯೇ ಗಂಡನ ಸಂಶಯಕ್ಕೆ ಎಣ್ಣೆಯಾಗುತ್ತದೆ. ಕೃಷ್ಣ ಹೊರಟುಹೋಗುತ್ತಾನೆ. ಉಳಿದವರು ಗಂಡ ಹೆಂಡತಿ ಇಬ್ಬರೇ. ಆಗ ಮಳೆ ಬಿಡದೆ ಸುರಿಯುತ್ತದೆ. ಗಂಡನ ಧೈರ್ಯ ಉಡುಗಿದಾಗ ನಾಗಿಯು ತಾನೇ ಮುಂದಾಗುತ್ತಾಳೆ. ದನಕರುಗಳನ್ನು ಎತ್ತರಕ್ಕೆ ಸಾಗಿಸುವವಳು ಅವಳು. ಬೆಂಕಿ ಆರದಂತೆ ಕಾಯುವವಳು ಅವಳು. ಇರುಳಿನಲ್ಲಿ ಹುಲಿಯ ಭಯವನ್ನು ಎದುರಿಸಿ ನಿಲ್ಲುವವಳೂ ಅವಳೇ. ಬೆಳಗಾಗುತ್ತದೆ, ಮಳೆ ನಿಲ್ಲುತ್ತದೆ. ತಾವು ಉಳಿದುದು ದೈವದ ಕೃಪೆಯಿಂದ ಎನ್ನುತ್ತಾನೆ ಗಣಪ. ಇಡೀ ರಾತ್ರಿ ದುಡಿದ ಕೈಗಳು ಎದುರಿಗೇ ಇವೆ. ಅವು ಅವನ ಕಣ್ಣಿಗೆ ಬೀಳುವುದಿಲ್ಲ.

ಇದೇ ನಾನು ಹೇಳಿದ ಮೂರನೆಯ ಅಂಗ. ಹಾಲಿವುಡ್ಡಿನ ನೆವಿಲನಿಗೆ ಚಿತ್ರವು ಅವನದಲ್ಲದ ಕೀರ್ತಿಯನ್ನು ಕಟ್ಟಿತು. ನಾಗಿಗೆ ಚಿತ್ರವು ಅವಳದೇ ಆದ ದುಡಿಮೆಯನ್ನು ತೋರಿಸಿ, ಅದಕ್ಕೆ ಸಲ್ಲಬೇಕಾದ ಒಂದು ಮಾತೂ ಸಲ್ಲಲಿಲ್ಲವೆಂಬುದನ್ನು ತೋರಿಸಿತು. ನೀರಿನಿಂದ ಪಾರಾದವಳು ಈ ಮರೆವಿನಿಂದ ಪಾರಾಗಲಿಲ್ಲ. ಪ್ರಳಯದ ಕಥೆ ಇಲ್ಲಿ ಸಂಸಾರದ ಕಥೆಯಾಗುತ್ತದೆ. ದ್ವೀಪವೆಂಬ ಹೆಸರಿಗೆ ಹೊಸ ಅರ್ಥ ಬರುತ್ತದೆ.

ಕಾದಂಬರಿ, ಚಿತ್ರ ಇವೆರಡರಲ್ಲಿ ಯಾವುದು ಮೇಲು ಎಂದು ಕೇಳುವುದು ನಮ್ಮ ತರಗತಿಗಳ ವಾಡಿಕೆ. ನನ್ನ ದೃಷ್ಟಿಯಲ್ಲಿ ಆ ಪ್ರಶ್ನೆಯಿಂದ ಪ್ರಯೋಜನ ಕಡಮೆ. ಮಾಧ್ಯಮದ ಸ್ವಭಾವವನ್ನು ವಿಚಾರಿಸುವುದು ಮೇಲು. ಕಾದಂಬರಿಗೆ ಮನಸ್ಸಿನೊಳಗೆ ಹೊಕ್ಕುವ ಶಕ್ತಿಯಿದೆ. ಪರಿಹಾರದ ಹಣಕ್ಕಾಗಿ ಅಲೆಯುವವನ ಬೇಸರ, ಅಧಿಕಾರಿಯ ಉದಾಸೀನ, ಇನ್ನೊಬ್ಬನ ಮಾತನ್ನು ಮನಸ್ಸಿನಲ್ಲೇ ಮೂರು ಸಾರಿ ತಿರುವಿಹಾಕಿ ವಿಷವಾಗಿಸಿಕೊಳ್ಳುವವನ ಒಳಗುದಿ, ಇವನ್ನು ಬರೆದು ತೋರಿಸುವಷ್ಟು ಸೂಕ್ಷ್ಮವಾಗಿ ಕ್ಯಾಮರಾ ತೋರಿಸಲಾರದು. ಚಿತ್ರಕ್ಕೆ ಬೇರೊಂದು ಶಕ್ತಿಯಿದೆ. ಅದು ಕೈಗಳನ್ನು ತೋರಿಸಬಲ್ಲದು. ಬರವಣಿಗೆಯಲ್ಲಿ ‘ಅವಳು ಬೆಂಕಿ ಹೊತ್ತಿಸಿದಳು’ ಎಂದರೆ ಮೂರೇ ಪದ. ಓದುಗ ಮುಂದಕ್ಕೆ ಸಾಗುತ್ತಾನೆ. ತೆರೆಯ ಮೇಲೆ ಒದ್ದೆ ಸೌದೆ ಹೊಗೆಯಾಡುತ್ತದೆ, ಊದುವವಳು ಕೆಮ್ಮುತ್ತಾಳೆ, ಕಣ್ಣಲ್ಲಿ ನೀರು ಬರುತ್ತದೆ, ಮತ್ತೆ ಊದುತ್ತಾಳೆ. ಆ ಹೊತ್ತನ್ನೆಲ್ಲ ನೋಡುವವನೂ ಅವಳೊಡನೆ ಕಳೆಯಬೇಕು. ದುಡಿಮೆಯೆಂಬುದು ಕಾಲವನ್ನು ತಿನ್ನುತ್ತದೆಂಬುದು ಆಗ ತಿಳಿಯುತ್ತದೆ. ಡಿಸೋಜರು ಮುಳುಗಿಸಿದ ವ್ಯವಸ್ಥೆಯನ್ನು ಕಾಣಿಸಿದರು. ಕಾಸರವಳ್ಳಿಯವರು ಮುಳುಗದಂತೆ ಹಿಡಿದ ಕೈಯನ್ನು ಕಾಣಿಸಿದರು. ಒಂದರ ಲೋಪವನ್ನು ಇನ್ನೊಂದು ತುಂಬುತ್ತದೆಯೇ ಹೊರತು ಅಳಿಸುವುದಿಲ್ಲ.

ಮಲೆನಾಡಿನ ಮಳೆಯ ಕಥೆ ಬಯಲಿನ ನಮಗೆ ದೂರದ್ದೆಂದು ಭಾವಿಸಬಾರದು. ಹುಲಿಯ ವಿಚಾರವನ್ನಂತೂ ನಮ್ಮ ತಾಲ್ಲೂಕಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರ ಇಲ್ಲೇ ಮಗ್ಗುಲಿನಲ್ಲಿದೆ. ಕಾಡಂಚಿನ ಹೊಲಗಳಲ್ಲಿ ಸಂಜೆಯ ಹೊತ್ತು ದನ ಹೊಡೆದುಕೊಂಡು ಬರುವವರಿಗೆ ನಾಗಿಯ ಆ ರಾತ್ರಿ ಬರಿಯ ಸಿನಿಮಾ ದೃಶ್ಯವಲ್ಲ. ಮುಳುಗಡೆಯೂ ನಮಗೆ ಹೊರಗಿನದಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಿಂದ ಕೋಟೆ ತಾಲ್ಲೂಕಿನ ಹಳ್ಳಿಗಳು ಹೋದವು. ಇಷ್ಟಾದರೂ ನಮ್ಮ ಪಾಲಿನ ಪ್ರಳಯ ಸಾಮಾನ್ಯವಾಗಿ ನೀರಿನಿಂದ ಬರುವುದಲ್ಲ; ನೀರಿಲ್ಲದುದರಿಂದ ಬರುವುದು. ಗೋಪಾಲಸ್ವಾಮಿ ಬೆಟ್ಟಕ್ಕೆ ಮೋಡ ಕವಿದಿದ್ದರೂ ಕೆಳಗಿನ ಹೊಲಕ್ಕೆ ಹನಿ ಬೀಳದ ವರ್ಷಗಳನ್ನು ನಾವೆಲ್ಲರೂ ಕಂಡಿದ್ದೇವೆ. ಗುಂಡ್ಲು ಹೊಳೆ ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆಂದು ಪುಸ್ತಕದಲ್ಲಿ ಓದಿ, ಮನೆಗೆ ಹೋಗುವ ದಾರಿಯಲ್ಲಿ ಅದರ ಒಣ ಮರಳನ್ನು ನೋಡಿದವರೇ ನಮ್ಮಲ್ಲಿ ಹೆಚ್ಚು.

2016–17ರ ಬರಗಾಲದಲ್ಲಿ ನಾನು ಇನ್ನೂ ಹಳ್ಳಿಯ ಶಾಲೆಯಲ್ಲಿದ್ದೆ. ನಮ್ಮ ಕೊಳವೆಬಾವಿ ಬತ್ತಿತ್ತು. ಅಜ್ಜಿಯು ಕೋಳಿ ಕೂಗುವ ಮೊದಲೇ ಎದ್ದು, ಇನ್ನೂ ನೀರಿದ್ದ ಒಂದು ಪಂಪ್‌ಸೆಟ್ಟಿನಿಂದ ಬಿಂದಿಗೆಗಳಲ್ಲಿ ನೀರು ಹೊತ್ತು ತರುತ್ತಿದ್ದಳು. ನೆರೆಹೊರೆಯವರು ದನಗಳನ್ನು ಮಾರಿದರು. ಅವಳು ಒಂದೇ ಒಂದು ಹಸುವನ್ನು ಮಾರಗೊಡದೆ, ಕಬ್ಬಿನ ಸೋಗೆಯನ್ನು ಬೇಡಿ ತಂದು ಹಾಕಿ ಉಳಿಸಿದಳು. ರಾಗಿಯನ್ನು ಅಳೆದು ಅಳೆದು ಬೀಸಿಸಿದಳು. ‘ದ್ವೀಪ’ ಚಿತ್ರವನ್ನು ನೋಡಿದ ಮೇಲೆ ನಾನು ಅವಳನ್ನು ಕೇಳಿದೆ: “ಆ ವರ್ಸ ಹೆಂಗಜ್ಜಿ ಕಳದೊ ನಾವು?” ಅವಳು ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತದೆಯೇ ಹೇಳಿದಳು: “ಮಾದಪ್ಪ ಕಾಪಾಡ್ದ ಕನವ್ವ. ನಂದೇನಿದ್ದುದು?”

ಈ ಉತ್ತರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಚಿತ್ರದಲ್ಲಿ ಕೀರ್ತಿಯನ್ನು ದೈವಕ್ಕೆ ಒಪ್ಪಿಸಿದವನು ಗಂಡ. ಇಲ್ಲಿ ದುಡಿದವಳೇ ಒಪ್ಪಿಸಿಬಿಟ್ಟಳು. ಮಾದಪ್ಪನಲ್ಲಿ ಅವಳಿಗಿರುವ ಭಕ್ತಿಯನ್ನು ಹಗುರಾಗಿ ಕಾಣುವ ಉದ್ದೇಶ ನನಗಿಲ್ಲ. ಆ ಭಕ್ತಿಯೇ ಅವಳನ್ನು ಕತ್ತಲಿನಲ್ಲಿ ಎಬ್ಬಿಸಿ ನಡೆಸಿದ್ದಿರಬಹುದು. ನಾಗಿಯೂ ದೈವವನ್ನು ನಿರಾಕರಿಸಿದವಳಲ್ಲ. ದೈವದ ಹೆಸರಿನ ಜೊತೆಗೆ ತನ್ನ ಹೆಸರನ್ನೂ ಗಂಡ ಒಮ್ಮೆ ಹೇಳಲಿ ಎಂಬುದಷ್ಟೇ ಅವಳ ನಿರೀಕ್ಷೆ. ಆದರೆ ದುಡಿದವರು ತಾವೇ ಕೇಳುವುದಿಲ್ಲವೆಂದ ಮಾತ್ರಕ್ಕೆ ನೋಡಿದವರು ಹೇಳದಿರಬಹುದೇ? ಅಜ್ಜಿಯು ‘ನಂದೇನಿದ್ದುದು’ ಎಂದರೆ ಅದು ಅವಳ ದೊಡ್ಡತನ. ಮನೆಯವರು ‘ಅವಳದೇನಿತ್ತು’ ಎಂದರೆ ಅದು ನಮ್ಮ ಸಣ್ಣತನ. ಮಾತು ಒಂದೇ ಆದರೂ ಆಡುವ ಬಾಯಿ ಬೇರೆಯಾದಾಗ ಅದರ ತೂಕ ಬೇರೆಯಾಗುತ್ತದೆ.

ಇದು ಬರಿಯ ಸೌಜನ್ಯದ ವಿಷಯವಲ್ಲ, ವ್ಯವಹಾರದ ವಿಷಯವೂ ಹೌದು. ಮುಳುಗಡೆಯಾಗಲಿ, ಬರವಾಗಲಿ, ಪರಿಹಾರದ ಕಾಗದ ಬಂದಾಗ ಅದರಲ್ಲಿರುವುದು ಎಷ್ಟು ಎಕರೆ, ಎಷ್ಟು ಗುಂಟೆ, ಪಹಣಿ ಯಾರ ಹೆಸರಿನಲ್ಲಿದೆ ಎಂಬ ವಿವರಗಳು. ಪಹಣಿ ಬಹುತೇಕ ಮನೆಗಳಲ್ಲಿ ಗಂಡಸಿನ ಹೆಸರಿನಲ್ಲಿರುತ್ತದೆ. ಹೊತ್ತು ತಂದ ನೀರಿಗೆ, ಆರದಂತೆ ಕಾಯ್ದ ಬೆಂಕಿಗೆ, ಉಳಿಸಿದ ಹಸುವಿಗೆ ಆ ಕಾಗದದಲ್ಲಿ ಅಂಕಣವಿಲ್ಲ. ಯಾವುದಕ್ಕೆ ಅಂಕಣವಿಲ್ಲವೋ ಅದು ಕ್ರಮೇಣ ನಡೆದೇ ಇಲ್ಲವೆಂಬಂತಾಗುತ್ತದೆ. ಸಾಹಿತ್ಯವೂ ಚಿತ್ರವೂ ಮಾಡಬಲ್ಲ ದೊಡ್ಡ ಉಪಕಾರವೆಂದರೆ ಕಚೇರಿಯ ಪುಸ್ತಕದಲ್ಲಿಲ್ಲದ ಈ ಅಂಕಣವನ್ನು ತೆರೆಯುವುದು.

ಶರಾವತಿಯ ಹಿನ್ನೀರಿನಲ್ಲಿ ಲಾಂಚನ್ನೇ ನಂಬಿ ಬದುಕಿದ ತುಮರಿ, ಸಿಗಂದೂರು ಕಡೆಯವರಿಗೆ 2025ರ ಜುಲೈ 14ರಂದು ಸೇತುವೆ ತೆರೆಯಿತು. ಅಂಬಾರಗೊಡ್ಲಿನಿಂದ ಕಳಸವಳ್ಳಿಯವರೆಗೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆಯದು. ಅಣೆಕಟ್ಟು ಸಿದ್ಧವಾದ ಅರವತ್ತೊಂದು ವರ್ಷಗಳಿಗೆ ಒಂದು ದ್ವೀಪ ಮತ್ತೆ ನೆಲಕ್ಕೆ ಸೇರಿತು. ಅದೇ ವರ್ಷದ ಆರಂಭದಲ್ಲಿ ತೀರಿಕೊಂಡ ‘ದ್ವೀಪ’ದ ಲೇಖಕರಿಗೆ ಇದನ್ನು ನೋಡುವ ಯೋಗವಿರಲಿಲ್ಲ. ಕಬ್ಬಿಣದಿಂದಲೂ ಕಾಂಕ್ರೀಟಿನಿಂದಲೂ ಕಟ್ಟುವ ಸೇತುವೆಗೇ ಇಷ್ಟು ಕಾಲ ಬೇಕಾದರೆ, ಒಂದೇ ಸೂರಿನಡಿಯಲ್ಲಿರುವ ದ್ವೀಪಗಳ ನಡುವಣ ಸೇತುವೆಯನ್ನು ಕಟ್ಟಲು ನಾವು ಇನ್ನೂ ತಡಮಾಡುವುದು ತರವೇ?

ಸಹಪಾಠಿಗಳಲ್ಲಿ ನನ್ನ ವಿನಂತಿಯಿಷ್ಟೆ. ‘ದ್ವೀಪ’ವನ್ನು ಮೊದಲು ಓದಿ, ಆಮೇಲೆ ನೋಡಿ. ಓದುವಾಗ ಕೇಡನ್ನು ತಂದವರು ಯಾರೆಂದು ಕೇಳಿಕೊಳ್ಳಿ. ನೋಡುವಾಗ ಕೇಡನ್ನು ದಾಟಿಸಿದವರು ಯಾರೆಂದು ಕೇಳಿಕೊಳ್ಳಿ. ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಯಾವ ದೇಶದ ಪ್ರಳಯೋತ್ತರ ಕೃತಿಯನ್ನು ಹಿಡಿದರೂ ಅದರ ತಿರುಳು ಕೈಗೆ ಸಿಗುತ್ತದೆ. ಅಧ್ಯಾಪಕ ಮಹನೀಯರಲ್ಲಿಯೂ ಒಂದು ಪ್ರಾರ್ಥನೆ: ನಮ್ಮ ತಾಲ್ಲೂಕಿನ ಬರಗಾಲಗಳನ್ನು ಕಂಡ ಹಿರಿಯರು, ಅದರಲ್ಲಿಯೂ ಹಿರಿಯ ಹೆಂಗಸರು, ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರು ಆ ದಿನಗಳನ್ನು ಕಳೆದ ಬಗೆಯನ್ನು ವಿದ್ಯಾರ್ಥಿಗಳಿಂದ ಬರೆಯಿಸಿ ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕಿಸಿದರೆ, ಗುಂಡ್ಲುಪೇಟೆಯ ‘ದ್ವೀಪ’ವನ್ನು ಬರೆಯಲಿರುವವರಿಗೆ ಸಾಮಗ್ರಿ ದೊರೆತೀತು. ಬರೆಯುವವರು ಬಂದಾಗ ಹೇಳುವವರು ಇರಬೇಕಲ್ಲವೇ?